ಅಳುವ ತಾಯಿಯ ಪ್ರತಿಮೆ ಸಾಲದೇ?

ಪ್ರಿಯ ಓದುಗರೇ,

ನಾಜಿಗಳು ಕೊಂದ ಯಹೂದಿಗಳ ನೆನಪಿಗೆ ಬರ್ಲಿನ್‌ನಲ್ಲಿ ಕಟ್ಟಿದ ಸ್ಮಾರಕದ, ಕಳೆದ ಸಂಚಿಕೆಯಲ್ಲಿ ಅಚ್ಚಾದ ಚಿತ್ರ ನಿಮಗೆ ಸಿಟ್ಟು ತರಿಸಿದೆ. “ಬರೀ ಕಾಂಕ್ರೀಟ್ ದಿಮ್ಮಿಗಳು. ಕೊಲೆಯಾದ ಯಹೂದಿಗಳ ಒಂದು ಹೆಸರೂ ಇಲ್ಲ, ಮಕ್ಕಳು ಹತ್ತಿ ಕುಣಿಯುತ್ತಾರೆ. ಮಗುವನ್ನು ಅವುಚಿಕೊಂಡು ಅಳುವ ತಾಯಿಯ ಪ್ರತಿಮೆ ಇಟ್ಟಿದ್ದರೆ ಎಲ್ಲರಿಗೂ ಅರ್ಥವಾಗುತ್ತಿರಲಿಲ್ಲವೇ?” ಎಂದು ಕೇಳಿದ್ದೀರಿ.

ಅರ್ಥವಾಗುತ್ತಿತ್ತು. ಬಲುಬೇಗ ಅರ್ಥವಾಗಿಬಿಡುತ್ತಿತ್ತು ಎಂಬುದೇ ನನ್ನ ಅಳುಕು. ಪ್ರತಿಮೆಯ ಎದುರು ನಿಂತು, ಹೂವಿಟ್ಟು, ಕಣ್ಣೊರೆಸಿಕೊಂಡು ಹೊರಟುಬಿಡಬಹುದು. ವಾಸ್ತುಶಿಲ್ಪಿ ಪೀಟರ್ ಐಸೆನ್‌ಮನ್ ರೂಪಿಸಿದ, 2005ರಲ್ಲಿ ತೆರೆದ ಈ ಸ್ಮಾರಕಕ್ಕೆ ‘ಎದುರು’ ಎಂಬುದೇ ಇಲ್ಲ, ಒಳಗೆ ನಡೆಯಬೇಕು. ಒಟ್ಟು 2,711 ದಿಮ್ಮಿಗಳು. ಅಂಚಿನವು ಮೊಣಕಾಲೆತ್ತರವೂ ಇಲ್ಲ. ಒಳಹೋದಂತೆ ನೆಲ ತಗ್ಗುತ್ತದೆ, ದಿಮ್ಮಿಗಳು ಬೆಳೆಯುತ್ತವೆ, ಕೆಲವು ನಾಲ್ಕೂವರೆ ಮೀಟರ್ ದಾಟುತ್ತವೆ. ನಡುವಿನ ದಾರಿ ಒಂದು ಮೀಟರ್ ಅಗಲವೂ ಇಲ್ಲದ್ದರಿಂದ ಜೊತೆಗೆ ಬಂದವರು ಹಿಂದೆ ಸರಿಯಲೇಬೇಕು. ಒಂದು ತಿರುವಿನಲ್ಲಿ ಅವರು ಕಾಣುವುದೇ ಇಲ್ಲ. ಮೇಲಿನಿಂದ ತೆಗೆದ ಚಿತ್ರ ಹಾಕಿ ಇದೆಲ್ಲವನ್ನೂ ಮರೆಮಾಡಿದ್ದು ನಮ್ಮ ತಪ್ಪು.

ಹೆಸರುಗಳು ಇವೆ, ನೆಲದಡಿಯ ಕೋಣೆಯಲ್ಲಿ. ಅಲ್ಲಿ ಒಬ್ಬೊಬ್ಬರ ಹೆಸರನ್ನೂ ಬದುಕಿನ ನಾಲ್ಕು ಸಾಲನ್ನೂ ಓದಿ ಹೇಳುತ್ತಾರೆ. ಹೀಗೆ ಎಲ್ಲರನ್ನೂ ಓದಿ ಮುಗಿಸಲು ಆರೂವರೆ ವರ್ಷ ಬೇಕೆಂಬ ಲೆಕ್ಕವಿದೆ. ಮಕ್ಕಳು ಆಡುವುದಕ್ಕೆ ಐಸೆನ್‌ಮನ್‌ಗೆ ಆಕ್ಷೇಪವಿರಲಿಲ್ಲ, ನನಗೂ ಇಲ್ಲ.

ಆದರೆ ನಿಮ್ಮ ಅಸಮಾಧಾನದಲ್ಲಿ ನಾನು ಒಪ್ಪುವ ಮಾತೂ ಇದೆ. ಕೊಂದವರು ಯಾರು ಎಂದು ಆ ದಿಮ್ಮಿಗಳು ಹೇಳುವುದಿಲ್ಲ. ನೀವು ಬಯಸಿದ ತಾಯಿಯೂ ಹೇಳುತ್ತಿರಲಿಲ್ಲ. ಜರ್ಮನಿಯ ಕಲಾವಿದ ಗುಂಟರ್ ಡೆಮ್ನಿಗ್ 1990ರ ದಶಕದಿಂದ ನಾಜಿಗಳಿಗೆ ಬಲಿಯಾದವರ ಮನೆಗಳ ಮುಂದಿನ ಕಾಲುದಾರಿಯಲ್ಲಿ ಅಂಗೈಯಗಲದ ಹಿತ್ತಾಳೆ ಫಲಕದ ಕಲ್ಲುಗಳನ್ನು ಹುದುಗಿಸುತ್ತಿದ್ದಾರೆ: ‘ಇಲ್ಲಿ ವಾಸವಿದ್ದರು’, ಹೆಸರು, ಹುಟ್ಟಿದ ವರ್ಷ, ನಾಜಿಗಳು ಹಿಡಿದು ಸಾಗಿಸಿದ ವರ್ಷ. ಓದಲು ಬಾಗಬೇಕು. ತಲೆಯೆತ್ತಿದರೆ ಅಕ್ಕಪಕ್ಕದ ಕಿಟಕಿಗಳು. ಅವತ್ತು ಆ ಕಿಟಕಿಗಳಲ್ಲಿ ನಿಂತು ನೋಡಿದವರು ಯಾರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಹೆಸರನ್ನು ಕಾಲಡಿ ಹಾಕುವುದು ಅವಮಾನವೆಂದು ಮ್ಯೂನಿಕ್ ನಗರ ತನ್ನ ರಸ್ತೆಗಳಲ್ಲಿ ಇದಕ್ಕೆ ಅನುಮತಿ ಕೊಟ್ಟಿಲ್ಲ. ಆ ನೋವೂ ಸುಳ್ಳಲ್ಲ.

ನನ್ನನ್ನು ಹೆಚ್ಚು ಕಾಡುವುದು ಅಮೆರಿಕದ ಮಾಂಟ್ಗಾಮರಿಯಲ್ಲಿ 2018ರಲ್ಲಿ ತೆರೆದ ಸ್ಮಾರಕ. ಗುಂಪುಗಳು ಹಿಡಿದು ಕೊಂದ ಕರಿಯರ ನೆನಪಿಗೆ ತುಕ್ಕುಬಣ್ಣದ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳು, ಕೊಲೆ ನಡೆದ ಒಂದೊಂದು ಕೌಂಟಿಗೂ (ನಮ್ಮ ಜಿಲ್ಲೆಯಂಥದ್ದು) ಒಂದು. ಮೊದಲಿಗೆ ಅವು ಕಣ್ಣೆದುರಿಗಿವೆ. ನೆಲ ಇಳಿಯುತ್ತಾ ಹೋಗುತ್ತದೆ, ಕೊನೆಗೆ ತಲೆಯ ಮೇಲೆ ತೂಗುತ್ತವೆ. ಏನು ತೂಗುತ್ತಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಹೊರಗೆ ಅದೇ ಕಂಬಗಳ ಪ್ರತಿಗಳನ್ನು ಸಾಲಾಗಿ ಮಲಗಿಸಿದ್ದಾರೆ, ಆಯಾ ಕೌಂಟಿಯವರು ಬಂದು ತಮ್ಮದನ್ನು ಒಯ್ದು ತಮ್ಮ ನೆಲದಲ್ಲಿ ನಿಲ್ಲಿಸಲಿ ಎಂದು. ಒಯ್ಯದಿದ್ದರೆ ಕೌಂಟಿಯ ಹೆಸರು ಹೊತ್ತು ಅದು ಅಲ್ಲೇ ಮಲಗಿರುತ್ತದೆ, ಬಂದವರೆಲ್ಲ ಓದುವಂತೆ.

— ಸಂಪಾದಕ