ಇನ್‌ಕ್ಯುಬೇಟರ್‌ನಲ್ಲಿರುವ (ಬೇಗ ಹುಟ್ಟಿದ ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆ) ಮಗು ಬೆವರುವುದಿಲ್ಲ, ಆದರೂ ಮೈಯ ನೀರು ಹೇಗೆ ಕಡಿಮೆಯಾಗುತ್ತದೆ?

ಚರ್ಮದ ಮೂಲಕವೇ, ಸದ್ದಿಲ್ಲದೆ ಆವಿಯಾಗಿ. ಇದಕ್ಕೆ ಬೆವರು ಬೇಕಿಲ್ಲ.

ನಮ್ಮ ಚರ್ಮದ ಹೊರಪದರ ನೀರು ಸೋರದಂತೆ ತಡೆಯುತ್ತದೆ. 25–26 ವಾರಕ್ಕೇ ಹುಟ್ಟಿದ ಕೂಸಿಗೆ ಆ ಪದರ ಇನ್ನೂ ಬಲಿತಿರುವುದಿಲ್ಲ. ಮೊದಲ ದಿನ ಅದರ ಚರ್ಮದಿಂದ ಆರುವ ನೀರು, ತಿಂಗಳು ತುಂಬಿ ಹುಟ್ಟಿದ ಮಗುವಿಗಿಂತ ಹತ್ತು ಪಟ್ಟಿಗೂ ಹೆಚ್ಚಿರಬಹುದು. ಸಾಲದ್ದಕ್ಕೆ, ಮೈ ಪುಟ್ಟದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತೀರ್ಣ ಜಾಸ್ತಿ.

ಇನ್ನು ಪೆಟ್ಟಿಗೆಯ ಗಾಳಿ. ತೇವ ಸೇರಿಸದೆ ಗಾಳಿಯನ್ನು ಬರೀ ಬಿಸಿ ಮಾಡಿದರೆ ಅದರ ಸಾಪೇಕ್ಷ ಆರ್ದ್ರತೆ, ಅಂದರೆ ಆ ಬಿಸಿಯಲ್ಲಿ ಗಾಳಿ ಹಿಡಿದಿಡಬಲ್ಲ ತೇವದಲ್ಲಿ ಎಷ್ಟು ಪಾಲು ಇದೆ ಎಂಬುದು, ಇಳಿಯುತ್ತದೆ. ಒದ್ದೆ ಬಟ್ಟೆ ಬೇಗ ಒಣಗುವುದು ಅಂಥ ಗಾಳಿಯಲ್ಲೇ ಅಲ್ಲವೇ? ನೀರಿನ ಜೊತೆ ಶಾಖವೂ ಹೋಗುತ್ತದೆ: 1 ಮಿ.ಲೀ. ಆವಿಯಾಗಲು ಸುಮಾರು 0.58 ಕಿಲೋಕ್ಯಾಲೊರಿ. ಹಾಗಾಗಿ ಬೆಚ್ಚಗಿನ ಪೆಟ್ಟಿಗೆಯೊಳಗೂ ಕೂಸು ತಣ್ಣಗಾಗಬಹುದು. ನೀರು ಕಡಿಮೆಯಾದಂತೆ ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಏರುವ ಭಯ ಬೇರೆ.

ಅದಕ್ಕೇ ತೀರಾ ಬೇಗ ಹುಟ್ಟಿದವರಿಗೆ ಮೊದಲ ವಾರ ಸಾಮಾನ್ಯವಾಗಿ 70–80% ಆರ್ದ್ರತೆ ಇಡುತ್ತಾರೆ. ಚರ್ಮ ಬಲಿತಂತೆ ಇಳಿಸುತ್ತಾರೆ, ಏಕೆಂದರೆ ತೇವ ಸೋಂಕಿಗೂ ಹಿತ. ಮೇಲಿನಿಂದ ಶಾಖ ಬೀರುವ ತೆರೆದ ವಾರ್ಮರ್‌ನಲ್ಲಿ ನಷ್ಟ ಇನ್ನೂ ಹೆಚ್ಚು. ನರ್ಸ್ ಪದೇಪದೇ ತೂಕ ನೋಡುವುದು, ಡೈಪರ್ ತೂಗುವುದು ಈ ಲೆಕ್ಕಕ್ಕಾಗಿಯೇ.