ಒಂದೇ ಹಾಳೆ, ಎರಡು ವೋಟು

ನಮಸ್ಕಾರ. ನ್ಯೂಜಿಲೆಂಡಿಗೆ ಬಂದು ವರ್ಷ ದಾಟಿತು, ರೆಸಿಡೆಂಟ್ ವೀಸಾ ಸಿಕ್ಕಿದೆ, ಈಗ ಮತದಾರರ ಪಟ್ಟಿಗೆ ಸೇರಿ ಅಂತ ಕಾಗದ ಬಂದಿದೆ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ವೋಟು ಹಾಕಬಹುದಾ, ಹಾಕಿದರೆ ಏನು ಬಂತು ಅಂತ ಕೇಳಿದ್ದೀರಿ.

ಖಂಡಿತ ಹಾಕಬಹುದು. 18 ತುಂಬಿದ, ಇಲ್ಲಿ ಸತತ 12 ತಿಂಗಳು ಇದ್ದ ರೆಸಿಡೆಂಟ್‌ಗಳಿಗೆ ಹಕ್ಕಿದೆ. ಪೌರತ್ವ ಬೇಕಿಲ್ಲ. ಪಟ್ಟಿಗೆ ಸೇರುವುದು ಕಡ್ಡಾಯ, ವೋಟು ಹಾಕುವುದು ನಿಮ್ಮಿಷ್ಟ.

ಏನು ಬಂತು ಅನ್ನೋದೇ ದೊಡ್ಡ ಪ್ರಶ್ನೆ. ನಮ್ಮ ಕಡೆ ಕ್ಷೇತ್ರದಲ್ಲಿ ಯಾರಿಗೆ ಜಾಸ್ತಿಯೋ ಅವರು ಗೆದ್ದರು, ಮಿಕ್ಕ ವೋಟು ಅಲ್ಲಿಗೇ ಮುಗಿಯಿತು. 2018ರ ವಿಧಾನಸಭೆ ನೆನಪಿದೆಯಲ್ವಾ? ಕಾಂಗ್ರೆಸ್ಸಿಗೆ ಶೇ. 38 ಮತ, ಬಿಜೆಪಿಗೆ ಶೇ. 36. ಸೀಟು ನೋಡಿದರೆ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 80. ಇಲ್ಲೂ ಮೊದಲು ಹೀಗೇ ಇತ್ತು. 1978, 1981 ಎರಡರಲ್ಲೂ ಲೇಬರ್ ಪಕ್ಷಕ್ಕೆ ಮತ ಜಾಸ್ತಿ ಬಂದಿತ್ತು, ಅಧಿಕಾರ ನ್ಯಾಷನಲ್ ಪಕ್ಷಕ್ಕೆ ಹೋಯಿತು. 1981ರಲ್ಲಿ ಸೋಷಿಯಲ್ ಕ್ರೆಡಿಟ್ ಅನ್ನೋ ಪಕ್ಷಕ್ಕೆ ಶೇ. 20ಕ್ಕೂ ಹೆಚ್ಚು ಜನ ಹಾಕಿದ್ದರು. ಸಿಕ್ಕಿದ್ದು ಎರಡೇ ಸೀಟು! ಕೊನೆಗೆ 1993ರಲ್ಲಿ ಜನರೇ ಮತ ಹಾಕಿ ಪದ್ಧತಿಯನ್ನು ಬದಲಿಸಿದರು. ಹೊಸ ಪದ್ಧತಿಗೆ ಎಂಎಂಪಿ (ಮಿಕ್ಸ್ಡ್ ಮೆಂಬರ್ ಪ್ರಪೋರ್ಷನಲ್) ಅಂತ ಹೆಸರು, ಅಂದರೆ ಪಕ್ಷಕ್ಕೆ ಬಂದ ಮತದ ಪಾಲಿಗೆ ತಕ್ಕಂತೆ ಸೀಟು. 1996ರಿಂದ ಅದೇ ನಡೆಯುತ್ತಿದೆ.

ನಾನು ಮೊದಲ ಸಲ ಹಾಕಿದ್ದು 2008ರಲ್ಲಿ, ಮನೆ ಹತ್ತಿರದ ಶಾಲೆಯ ಹಾಲ್‌ನಲ್ಲಿ. ಹೆಸರು, ವಿಳಾಸ ಕೇಳಿದರು, ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದರು, ಹಾಳೆ ಕೊಟ್ಟರು. ಬೆರಳಿಗೆ ನಮ್ಮ ಮೈಸೂರಿನ ಮಸಿ ಇಲ್ಲ ಅಂತ ಒಂಥರಾ ಖಾಲಿ ಅನ್ನಿಸಿತು. ಹಾಳೆಯಲ್ಲಿ ಎರಡು ಭಾಗ. ಒಂದು ಕಡೆ ಪಕ್ಷಕ್ಕೆ ಗುರುತು, ಇನ್ನೊಂದು ಕಡೆ ನಿಮ್ಮ ಕ್ಷೇತ್ರದ ಅಭ್ಯರ್ಥಿಗೆ. ಎರಡೂ ಒಂದೇ ಪಕ್ಷ ಆಗಬೇಕಿಲ್ಲ. ಯಾವ ಪಕ್ಷಕ್ಕೆ ಒಟ್ಟು ಎಷ್ಟು ಸೀಟು ಅನ್ನೋದನ್ನು ನಿರ್ಧರಿಸುವುದು ಪಕ್ಷದ ವೋಟು. ಹಾಗಾಗಿ ಅದನ್ನು ಸುಮ್ನೆ ಗೀಚಿ ಬರಬೇಡಿ. ನೀವು ಆಕ್ಲೆಂಡಿನಲ್ಲಿರಿ, ಯಾವುದೋ ಹಳ್ಳಿಯಲ್ಲಿರಿ, ಅದರ ತೂಕ ಒಂದೇ. ನಿಮ್ಮ ಕ್ಷೇತ್ರದಲ್ಲಿ ನಿಮ್ಮ ಪಕ್ಷದವರು ಸೋಲೋದು ಖಚಿತ ಅಂದರೂ ಪಕ್ಷದ ವೋಟು ಲೆಕ್ಕಕ್ಕೆ ಬರುತ್ತೆ. ನನಗೆ ಈ ಪದ್ಧತಿ ಇಷ್ಟವಾಗುವುದು ಇದಕ್ಕೇ.

ಕೊರತೆ ಇಲ್ಲ ಅಂತಲ್ಲ. ಶೇ. 5 ಮತ ಅಥವಾ ಒಂದು ಕ್ಷೇತ್ರದ ಗೆಲುವು, ಎರಡರಲ್ಲಿ ಒಂದಿದ್ದರೆ ಮಾತ್ರ ಪಕ್ಷಕ್ಕೆ ಸೀಟಿನಲ್ಲಿ ಪಾಲು. ಆ 2008ರಲ್ಲೇ ಶೇ. 4.07 ಪಡೆದ ನ್ಯೂಜಿಲೆಂಡ್ ಫಸ್ಟ್ ಪಕ್ಷಕ್ಕೆ ಒಂದೂ ಸೀಟಿಲ್ಲ. ಶೇ. 3.65 ಪಡೆದ ಆಕ್ಟ್ ಪಕ್ಷಕ್ಕೆ ಐದು, ಎಪ್ಸಮ್ ಕ್ಷೇತ್ರ ಗೆದ್ದಿತ್ತು ಅಂತ. ಇದು ಸರಿಯಲ್ಲ, ಗಡಿ ಇಳಿಸಬೇಕು ಅನ್ನೋದು ನನ್ನ ಅಭಿಪ್ರಾಯ. 2017ರಲ್ಲಿ 56 ಸೀಟಿನ ನ್ಯಾಷನಲ್ ಹೊರಗುಳಿದು, 46ರ ಲೇಬರ್ ಎರಡು ಮಿತ್ರಪಕ್ಷಗಳ ಜೊತೆ ಸರ್ಕಾರ ಮಾಡಿತು. ಅನ್ಯಾಯ ಅಂದವರಿದ್ದರು. ನನಗೆ ಹಾಗನ್ನಿಸಲಿಲ್ಲ, ಆ ಮೂರು ಪಕ್ಷಗಳಿಗೆ ಸೇರಿ ಬಂದ ಮತ ಅರ್ಧಕ್ಕಿಂತ ಜಾಸ್ತಿ ಇತ್ತು.

ಬಂದ ಕಾಗದದಲ್ಲಿ ವಿಳಾಸ ಸರಿಯಿದೆಯಾ ನೋಡಿ, ಈ ವಾರವೇ ತುಂಬಿ ಕಳಿಸಿ. ಮನೆ ಬದಲಿಸಿದರೆ ಮತ್ತೆ ತಿಳಿಸಬೇಕು, ಮರೀಬೇಡಿ.