ಕೇದಾರದ ಬಾಗಿಲು ಮುಚ್ಚಿದ ಮೇಲೆ ದರ್ಶನ ಎಲ್ಲಿ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಪ್ರಶ್ನೆ: ದೀಪಾವಳಿ ರಜೆಗೆ ಕೇದಾರನಾಥಕ್ಕೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ನವೆಂಬರ್ ಮೊದಲ ವಾರದವರೆಗೂ ದೇವಸ್ಥಾನ ತೆರೆದಿರುತ್ತದೆ ಎಂದು ಪರಿಚಿತರು ಹೇಳುತ್ತಾರೆ. ವಿಮಾನದ ಟಿಕೆಟ್ ಈಗಲೇ ಮಾಡಿಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಪಂಚಾಂಗ ನೋಡಿ, ಆಮೇಲೆ ಟಿಕೆಟ್. ಕೇದಾರನಾಥನ ಬಾಗಿಲು ಮುಚ್ಚುವುದು ಕಾರ್ತಿಕ ಶುದ್ಧ ಬಿದಿಗೆಯಂದು, ಅಂದರೆ ನಮ್ಮ ಬಲಿಪಾಡ್ಯಮಿಯ ಮರುದಿನ ಬರುವ ಯಮದ್ವಿತೀಯದಂದು. ಉತ್ತರದವರಿಗೆ ಅದೇ ಭಾಯಿ ದೂಜ್. ಈ ತಿಥಿ 2022ರಲ್ಲಿ ಅಕ್ಟೋಬರ್ 27ಕ್ಕೆ ಬಂದಿತ್ತು. 2023ರಲ್ಲಿ ಅಧಿಕ ಶ್ರಾವಣ ಬಿದ್ದದ್ದರಿಂದ ನವೆಂಬರ್ 15ಕ್ಕೆ ಹೋಯಿತು. 2024ರಲ್ಲಿ ನವೆಂಬರ್ 3, 2025ರಲ್ಲಿ ಅಕ್ಟೋಬರ್ 23. ಮೂರು ವಾರಕ್ಕೂ ಹೆಚ್ಚು ಹಿಂದೆ ಮುಂದೆ ಆಗುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ತಿಥಿ ಮತ್ತೆ ನವೆಂಬರ್‌ಗೆ ಸರಿಯುತ್ತದೆ.

ಇನ್ನೊಂದು ಮಾತು. ದೀಪಾವಳಿ ರಜೆಯಲ್ಲಿ ನಾಲ್ಕೂ ಧಾಮ ಮುಗಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಗಂಗೋತ್ರಿ ಬಲಿಪಾಡ್ಯಮಿಯ ಹೊತ್ತಿಗೇ ಮುಚ್ಚುತ್ತದೆ, ಯಮುನೋತ್ರಿ ಕೇದಾರದ ಜೊತೆಗೇ ಮುಚ್ಚುತ್ತದೆ. ಆಮೇಲೆ ತೆರೆದಿರುವುದು ಬದರಿ ಒಂದೇ. ಅದೂ ನವೆಂಬರ್ ಮಧ್ಯದ ನಂತರ ಹೆಚ್ಚು ದಿನ ಇರುವುದಿಲ್ಲ. ಬದರಿಯ ದಿನವನ್ನು ವಿಜಯದಶಮಿಯಂದು ಪ್ರಕಟಿಸುತ್ತಾರೆ. ಕೇದಾರ ಮತ್ತೆ ತೆರೆಯುವ ದಿನ ಗೊತ್ತಾಗುವುದು ಮಹಾಶಿವರಾತ್ರಿಯಂದು, ಕೇದಾರನ ಚಳಿಗಾಲದ ನೆಲೆಯಾದ ಊಖೀಮಠದಲ್ಲಿ.

ಪ್ರಶ್ನೆ: ಅಪ್ಪನಿಗೆ ಎಪ್ಪತ್ತೆರಡು ವರ್ಷ. ಕಡೆಯ ವಾರದಲ್ಲಿ ಜನ ಕಡಿಮೆ ಇರುತ್ತಾರಂತೆ, ಆಗ ಕರೆದುಕೊಂಡು ಹೋದರೆ ಸುಲಭ ಅಲ್ಲವೇ?
– ಓದುಗರು, ತುಮಕೂರು

ಉತ್ತರ: ಸುಲಭವಲ್ಲ, ದಯವಿಟ್ಟು ಬೇಡ. ಸಾಲು ಚಿಕ್ಕದಾಗಬಹುದು, ಆದರೆ ಉಳಿದದ್ದೆಲ್ಲ ಕಷ್ಟವಾಗುತ್ತದೆ. ನಡಿಗೆ ಶುರುವಾಗುವ ಗೌರಿಕುಂಡದಿಂದ ಮೇಲಕ್ಕೆ ಸುಮಾರು 16 ಕಿಲೋಮೀಟರ್. 2013ರ ಪ್ರವಾಹದಲ್ಲಿ ನಡುದಾರಿಯ ತಂಗುದಾಣ ರಾಂಬಾಡಾ ಕೊಚ್ಚಿಹೋದ ಮೇಲೆ ದಾರಿ ಮಂದಾಕಿನಿಯ ಆಚೆ ದಡಕ್ಕೆ ತಿರುಗಿತು, ದೂರವೂ ಹೆಚ್ಚಾಯಿತು. ವಯಸ್ಸಾದವರಿಗೆ ಒಂಬತ್ತು ಹತ್ತು ಗಂಟೆಯ ನಡಿಗೆ. ಆ ಹೊತ್ತಿಗೆ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಕಣಿವೆಯಲ್ಲಿ ಬಿಸಿಲು ಅದಕ್ಕೂ ಮೊದಲೇ ಹೋಗಿರುತ್ತದೆ. ಕಲ್ಲುಹಾಸಿನ ಮೇಲೆ ಹರಿದ ನೀರು ರಾತ್ರಿ ಹೆಪ್ಪುಗಟ್ಟಿ ಬೆಳಗ್ಗೆ ಗಾಜಾಗಿರುತ್ತದೆ; ಜನ ಜಾರಿ ಬೀಳುವುದು ಅಲ್ಲೇ. ದಾರಿಯ ಚಹಾ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತವೆ, ಕುದುರೆಯವರು ಊರಿಗೆ ಇಳಿಯತೊಡಗುತ್ತಾರೆ. ಸುಸ್ತಾದಾಗ ಕೂರಲು ಜಾಗವಿಲ್ಲ, ಹೊತ್ತು ತರಲು ಜನವಿಲ್ಲ ಎಂಬ ಸ್ಥಿತಿ ಬಂದರೆ ಏನು ಮಾಡುತ್ತೀರಿ?

ಹೆಲಿಕಾಪ್ಟರ್ ಇದೆಯಲ್ಲ ಎನ್ನಬಹುದು. ಮಂಡಿಗೆ ಅದು ವರ, ಶ್ವಾಸಕ್ಕೆ ಅಲ್ಲ. ಕೇದಾರ ಸುಮಾರು 3,580 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗ ಮಾತ್ರ. ಹತ್ತೇ ನಿಮಿಷದಲ್ಲಿ ಅಷ್ಟು ಎತ್ತರಕ್ಕೆ ಏರಿದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಹಾಗೆ ಹೋದವರು ದರ್ಶನ ಮುಗಿಸಿ ಅಂದೇ ಇಳಿಯಬೇಕು, ರಾತ್ರಿ ಉಳಿಯಬಾರದು. ತಲೆನೋವಿನ ಜೊತೆ ವಾಂತಿ ಬಂದರೆ, ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಕಾಯದೆ ಕೆಳಕ್ಕೆ ಕರೆತನ್ನಿ. ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯುವುದು ಪ್ರಾಣಕ್ಕೆ ಅಪಾಯ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕಾಣಲಿ.

ನಿಮ್ಮ ತಂದೆಯವರಿಗೆ ತಕ್ಕ ದಾರಿ ಕೆಳಗಿನ ಉತ್ತರವೊಂದರಲ್ಲಿದೆ.

ಪ್ರಶ್ನೆ: ಬಾಗಿಲು ಮುಚ್ಚುವ ದಿನ ಅಲ್ಲಿ ಏನೇನು ನಡೆಯುತ್ತದೆ? ಆರು ತಿಂಗಳು ದೇವರಿಗೆ ಪೂಜೆಯೇ ಇರುವುದಿಲ್ಲವೇ?
– ಓದುಗರು, ಬಾಗಲಕೋಟೆ

ಉತ್ತರ: ಪೂಜೆ ಒಂದು ದಿನವೂ ನಿಲ್ಲುವುದಿಲ್ಲ, ಜಾಗ ಬದಲಾಗುತ್ತದೆ ಅಷ್ಟೆ. ಅಂದು ನಸುಕಿಗೆ ಮುಂಚೆಯೇ ಸ್ವಯಂಭೂ ಲಿಂಗಕ್ಕೆ ಸಮಾಧಿ ಪೂಜೆ ನಡೆಯುತ್ತದೆ. ಭಸ್ಮ, ಆ ಗುಡ್ಡಗಳ ಹೂವು, ಬ್ರಹ್ಮಕಮಲ ಇವುಗಳಿಂದ ಲಿಂಗವನ್ನು ಮುಚ್ಚಿ ಸಮಾಧಿ ರೂಪ ಕೊಡುತ್ತಾರೆ. ಆಮೇಲೆ ಗರ್ಭಗುಡಿ, ಬೆಳಗ್ಗೆ ಎಂಟೂವರೆಯ ಸುಮಾರಿಗೆ ಹೊರಬಾಗಿಲು. ಅಂದು ಲಿಂಗಕ್ಕೆ ನಮ್ಮ ಕೈಯಿಂದ ತುಪ್ಪ ಹಚ್ಚಬೇಕು ಎಂದುಕೊಂಡು ಹೋದವರಿಗೆ ನಿರಾಸೆಯಾಗುತ್ತದೆ. ಆ ಆಸೆ ಇರುವವರು ಮೊದಲೇ ಹೋಗಬೇಕು. ಚಳಿಗಾಲದಲ್ಲಿ ಆ ಕ್ಷೇತ್ರವನ್ನು ಕಾಯುವವನು ಭೈರವನಾಥ ಎಂಬುದು ಅಲ್ಲಿಯವರ ಗಟ್ಟಿ ನಂಬಿಕೆ. ಮೇಲಿನ ದಿಬ್ಬದ ಅವನ ಗುಡಿಯನ್ನು ಕೆಲವು ದಿನ ಮೊದಲೇ, ಮಂಗಳವಾರ ಅಥವಾ ಶನಿವಾರ ನೋಡಿ ಮುಚ್ಚುತ್ತಾರೆ.

ಬಾಗಿಲು ಹಾಕಿದ ಕೂಡಲೇ ಪಂಚಮುಖಿ ಉತ್ಸವಮೂರ್ತಿ ಡೋಲಿಯಲ್ಲಿ ಹೊರಡುತ್ತದೆ. ಮೊದಲ ರಾತ್ರಿ ರಾಮಪುರ, ಎರಡನೆಯ ರಾತ್ರಿ ಗುಪ್ತಕಾಶಿಯ ವಿಶ್ವನಾಥ ದೇವಸ್ಥಾನ, ಮೂರನೆಯ ದಿನ ಊಖೀಮಠದ ಓಂಕಾರೇಶ್ವರ. ಡೋಲಿಯ ಜೊತೆ ಮೇಲಿನಿಂದಲೇ ಇಳಿಯಬೇಕೆಂದು ಹಲವರು ಬಯಸುತ್ತಾರೆ, ಆದರೆ ಹೊರುವವರು ಆ ಗುಡ್ಡದಲ್ಲೇ ಹುಟ್ಟಿ ಬೆಳೆದವರು. ಇಳಿಜಾರಿನಲ್ಲಿ ಅವರ ವೇಗಕ್ಕೆ ಬಯಲುಸೀಮೆಯವರ ಮಂಡಿ ತಡೆಯುವುದಿಲ್ಲ. ಎರಡನೆಯ ಸಂಜೆ ಗುಪ್ತಕಾಶಿಯಲ್ಲಿ ಕಾದು ನಿಂತರೆ ಕಣ್ತುಂಬ ನೋಡಬಹುದು.

ಪ್ರಶ್ನೆ: ಕೇದಾರದ ಅರ್ಚಕರು ಕರ್ನಾಟಕದವರು ಎನ್ನುತ್ತಾರೆ. ನಿಜವೇ? ಕನ್ನಡದಲ್ಲಿ ಕೇಳಿ ಪೂಜೆ ಮಾಡಿಸಬಹುದೇ?
– ಓದುಗರು, ಕಲಬುರಗಿ

ಉತ್ತರ: ನಿಜ. ಊಖೀಮಠದ ಕೇದಾರ ಪೀಠ ವೀರಶೈವ ಪಂಚಪೀಠಗಳಲ್ಲಿ ಒಂದು. ನಮ್ಮ ಬಾಳೆಹೊನ್ನೂರಿನ ರಂಭಾಪುರಿ, ಉಜ್ಜಯಿನಿ ಪೀಠಗಳ ಸಾಲಿನದು. ಅಲ್ಲಿಯ ಗುರುಗಳನ್ನು ರಾವಲ್ ಎನ್ನುತ್ತಾರೆ. ಅವರು ತಾವೇ ಪೂಜೆಗೆ ಕೂರುವುದಿಲ್ಲ. ಅವರ ಅಪ್ಪಣೆಯಂತೆ ಜಂಗಮ ಅರ್ಚಕರು ವರ್ಷಕ್ಕೊಬ್ಬರಂತೆ ಸರದಿಯ ಮೇಲೆ ಕೇದಾರದ ಪೂಜೆ ಮಾಡುತ್ತಾರೆ. ಆದರೆ ಅಂಗಳದಲ್ಲಿ ನಿಮ್ಮನ್ನು ಎದುರುಗೊಂಡು ಸಂಕಲ್ಪ ಮಾಡಿಸುವವರು ಸ್ಥಳೀಯ ತೀರ್ಥಪುರೋಹಿತರು, ಗಢವಾಲದವರು. ಅವರೊಡನೆ ಹಿಂದಿಯೇ ನಡೆಯಬೇಕು. ಗೋತ್ರ, ನಕ್ಷತ್ರ, ಮನೆಯವರ ಹೆಸರುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ತಡವರಿಸುವ ಪ್ರಸಂಗ ಬರದು.

ಪ್ರಶ್ನೆ: ಜನವರಿಯಲ್ಲಿ ಮಾತ್ರ ನಮಗೆ ಬಿಡುವು. ಆಗ ಹೋದರೆ ಕೇದಾರನ ದರ್ಶನ ಆಗುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಖಂಡಿತ ಆಗುತ್ತದೆ, ಊಖೀಮಠದಲ್ಲಿ. ತುಮಕೂರಿನವರಿಗೂ ಇದೇ ಉತ್ತರ. ಊರು ಸುಮಾರು 1,300 ಮೀಟರ್ ಎತ್ತರದಲ್ಲಿದೆ, ಉಸಿರಾಟಕ್ಕೆ ತೊಂದರೆಯಿಲ್ಲ, ವಾಹನ ದೇವಸ್ಥಾನದ ಹತ್ತಿರದವರೆಗೂ ಹೋಗುತ್ತದೆ. ನವೆಂಬರ್ ಕೊನೆಯಲ್ಲಿ ಮದ್ಮಹೇಶ್ವರನ ಡೋಲಿಯೂ ಇಲ್ಲಿಗೇ ಬರುವುದರಿಂದ ಜನವರಿಯಲ್ಲಿ ಹೋದವರಿಗೆ ಪಂಚಕೇದಾರಗಳಲ್ಲಿ, ಅಂದರೆ ಗಢವಾಲದ ಐದು ಶಿವಕ್ಷೇತ್ರಗಳಲ್ಲಿ, ಇಬ್ಬರು ಒಂದೇ ಗುಡಿಯಲ್ಲಿ ಸಿಗುತ್ತಾರೆ. ಇದನ್ನು ಎರಡನೆಯ ದರ್ಜೆಯ ದರ್ಶನ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ; ಆ ಆರು ತಿಂಗಳು ಕೇದಾರನ ಗದ್ದುಗೆ ಇದೇ.

ಹರಿದ್ವಾರದವರೆಗೆ ರೈಲು ಅಥವಾ ಡೆಹ್ರಾಡೂನ್‌ವರೆಗೆ ವಿಮಾನ. ಋಷಿಕೇಶದಿಂದ ಊಖೀಮಠಕ್ಕೆ ಸುಮಾರು 180 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ನಾಲ್ಕು ಗಂಟೆ ಅನಿಸುತ್ತದೆ, ಘಟ್ಟದಲ್ಲಿ ಏಳೆಂಟು ಗಂಟೆ ಬೇಕು. ಬೆಳಗ್ಗೆ ಆರಕ್ಕೆ ಹೊರಡಿ. ದೇವಪ್ರಯಾಗ, ಶ್ರೀನಗರ ದಾಟಿ ರುದ್ರಪ್ರಯಾಗದಲ್ಲಿ ಅಲಕನಂದೆಯನ್ನು ಬಿಟ್ಟು ಮಂದಾಕಿನಿಯ ದಡ ಹಿಡಿಯಬೇಕು. ಕುಂಡ್ ಎಂಬಲ್ಲಿ ದಾರಿ ಕವಲಾಗುತ್ತದೆ: ಒಂದು ಗುಪ್ತಕಾಶಿಗೆ, ಇನ್ನೊಂದು ಊಖೀಮಠಕ್ಕೆ. ಚಾಲಕ ಹೊಸಬನಾದರೆ ಯೋಚಿಸದೆ ಗುಪ್ತಕಾಶಿಯ ಕಡೆ ತಿರುಗಿಸುತ್ತಾನೆ, ಮೊದಲೇ ಹೇಳಿಡಿ. ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಮುಂದಿನ ಸೀಟಿನಲ್ಲಿ ಕೂರಲಿ, ಬೆಳಗಿನ ತಿಂಡಿ ಹಗುರವಾಗಿರಲಿ.

ಚಳಿ ನಿಜಕ್ಕೂ ಇರುತ್ತದೆ. ದಪ್ಪ ಕೋಟು ಒಂದಕ್ಕಿಂತ ಮೂರು ಪದರ ಒಳ್ಳೆಯದು; ಮೈಗೆ ತಾಗುವ ಪದರ ಹತ್ತಿಯದಾಗಿರಬಾರದು, ಬೆವರು ಹೀರಿ ಒದ್ದೆಯಾಗಿ ಮೈ ತಣ್ಣಗಾಗುತ್ತದೆ. ದೇವಸ್ಥಾನದ ಕಲ್ಲಿನ ಅಂಗಳದಲ್ಲಿ ಬರಿಗಾಲು ಮರಗಟ್ಟುತ್ತದೆ, ಹಿರಿಯರಿಗೆ ಉಣ್ಣೆಯ ಕಾಲುಚೀಲ ಇರಲಿ.

ಪ್ರಶ್ನೆ: ಬದರಿಯಲ್ಲೂ ಹೀಗೆಯೇ ಮೂರ್ತಿ ಕೆಳಗೆ ಬರುತ್ತದೆಯೇ?
– ಓದುಗರು, ಉಡುಪಿ

ಉತ್ತರ: ಬದರೀನಾರಾಯಣನ ಮೂಲಮೂರ್ತಿ ಅಲ್ಲೇ ಇರುತ್ತದೆ. ಮಾಣಾ ಊರಿನ ಹೆಣ್ಣುಮಕ್ಕಳು ನೇಯ್ದ ಉಣ್ಣೆಯ ಕಂಬಳಿಗೆ ತುಪ್ಪ ಸವರಿ ಸ್ವಾಮಿಗೆ ಹೊದಿಸುತ್ತಾರೆ, ಲಕ್ಷ್ಮಿಯನ್ನು ತಂದು ಗರ್ಭಗುಡಿಯಲ್ಲಿ ಕೂರಿಸುತ್ತಾರೆ. ಉದ್ಧವ, ಕುಬೇರ ಪಾಂಡುಕೇಶ್ವರಕ್ಕೆ ಇಳಿಯುತ್ತಾರೆ. ಶಂಕರಾಚಾರ್ಯರ ಗದ್ದುಗೆ ಜ್ಯೋತಿರ್ಮಠದ ನೃಸಿಂಹ ದೇವಸ್ಥಾನಕ್ಕೆ ಬರುತ್ತದೆ. ಚಳಿಗಾಲದಲ್ಲಿ ಸೇವೆ ಸಲ್ಲಿಸಬೇಕಾದದ್ದು ಈ ಎರಡು ಕಡೆ.

ಪ್ರಶ್ನೆ: ಊಖೀಮಠದಿಂದ ತುಂಗನಾಥ ಹತ್ತಿರವಂತೆ. ಅದೇ ಪ್ರವಾಸದಲ್ಲಿ ಸೇರಿಸಬಹುದೇ?
– ಓದುಗರು, ಮೈಸೂರು

ಉತ್ತರ: ತುಂಗನಾಥದ ಗುಡಿಯೂ ಆಗ ಮುಚ್ಚಿರುತ್ತದೆ, ಅಲ್ಲಿಗೆ ಹತ್ತಲು ಶುರುಮಾಡುವ ಚೋಪ್ತಾದ ರಸ್ತೆ ಹಿಮ ಬಿದ್ದರೆ ಕಟ್ಟಿಹೋಗುತ್ತದೆ. ಆ ದೇವರು ಚಳಿಗಾಲದಲ್ಲಿ ಇರುವುದು ಮಕ್ಕುಮಠದಲ್ಲಿ. ಊಖೀಮಠದಲ್ಲಿ ರಾತ್ರಿ ತಂಗಿ, ಬೆಳಗ್ಗೆ ರಸ್ತೆಯ ಸ್ಥಿತಿ ವಿಚಾರಿಸಿ ಮಕ್ಕುಮಠಕ್ಕೆ ಹೋಗಿಬನ್ನಿ.